ಅಮೂರ್ತೀಕೃತ ವ್ಯಕ್ತಿಚಿತ್ರ: ಭಾವ ಮತ್ತು ತಂತ್ರ

ಅಮೂರ್ತೀಕೃತ ವ್ಯಕ್ತಿಚಿತ್ರ: ವ್ಯಕ್ತಿಯ ಹೋಲಿಕೆಯನ್ನು ಯಥಾವತ್ತಾಗಿ ಹಿಡಿಯುವ ಹಟ ಬಿಟ್ಟು, ಬಣ್ಣ, ರೇಖೆ, ಆಕಾರ ಮತ್ತು ಕುಂಚದ ನಡೆಯಿಂದ ಆ ವ್ಯಕ್ತಿಯ ಇರವನ್ನು ಮೂಡಿಸುವ ಆಧುನಿಕ ಚಿತ್ರಪ್ರಕಾರ. ಶುದ್ಧ ಅಮೂರ್ತ ಚಿತ್ರದಲ್ಲಿ ಹೊರಗಿನ ವಸ್ತುವಿನ ಸುಳಿವೇ ಇರುವುದಿಲ್ಲ. ಇಲ್ಲಿ ಕಣ್ಣು, ಮೂಗು, ಕತ್ತು, ಕೈ ಯಾವುದೋ ರೂಪದಲ್ಲಿ ಉಳಿದಿರುತ್ತವೆ. ಎದುರಿಗೆ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ನೋಡುಗ ಮರೆಯುವಂತಿಲ್ಲ. ಆದರೆ ಆ ಮನುಷ್ಯ ನಗುತ್ತಿದ್ದಾನೆಯೇ, ದುಃಖದಲ್ಲಿದ್ದಾನೆಯೇ ಎಂದು ಮುಖ ನೋಡಿ ಹೇಳುವುದು ಬಹಳ ಸಲ ಸಾಧ್ಯವಾಗುವುದಿಲ್ಲ. ಹೀಗಿದ್ದೂ ಒಳ್ಳೆಯ ಅಮೂರ್ತೀಕೃತ ವ್ಯಕ್ತಿಚಿತ್ರದ ಮುಂದೆ ನಿಂತವರಿಗೆ ಒಂದು ಖಚಿತವಾದ ಭಾವ ತಟ್ಟುತ್ತದೆ. ಆ ಭಾವ ಚಿತ್ರದಲ್ಲಿ ಎಲ್ಲಿ ನೆಲೆಸಿದೆ ಎಂಬುದೇ ಈ ಪ್ರಕಾರದ ವಿಮರ್ಶೆಯ ಮುಖ್ಯ ಪ್ರಶ್ನೆ.

ಈ ಪ್ರಕಾರ 20ನೆಯ ಶತಮಾನದ ಮೊದಲ ದಶಕದಲ್ಲಿ ಪ್ಯಾರಿಸ್‌ನಲ್ಲಿ ಗಟ್ಟಿಯಾಗಿ ನೆಲೆಗೊಂಡಿತು. 1839ರಲ್ಲಿ ಛಾಯಾಗ್ರಹಣ ಸಾರ್ವಜನಿಕವಾದ ಮೇಲೆ ಹೋಲಿಕೆ ಹಿಡಿಯುವ ಕೆಲಸ ಚಿತ್ರಕಾರನೊಬ್ಬನದೇ ಆಗಿ ಉಳಿಯಲಿಲ್ಲ. ಆದರೆ ಕ್ಯಾಮೆರಾ ಒಂದರಿಂದಲೇ ಈ ಬದಲಾವಣೆ ಬಂತು ಎನ್ನುವುದು ತೀರ ಸರಳ ವಿವರಣೆ. ವಿನ್ಸೆಂಟ್ ವ್ಯಾನ್ ಗೋ 1890ರಲ್ಲಿ ಬಿಡಿಸಿದ ಡಾಕ್ಟರ್ ಗಾಶೆಯ ಚಿತ್ರದಲ್ಲೇ ಹಿನ್ನೆಲೆಯ ನೀಲಿ ಗೆರೆಗಳು ವೈದ್ಯನ ಮುಖದಷ್ಟೇ ಮಾತಾಡುತ್ತವೆ. ಪಾಲ್ ಸೆಜಾನ್ 1899ರಲ್ಲಿ ಕಲಾವ್ಯಾಪಾರಿ ಆಂಬ್ರೋಸ್ ವೊಲಾರ್‌ನ ಚಿತ್ರ ಬರೆದಾಗ 115 ಸಲ ಕೂರಿಸಿಕೊಂಡನೆಂದು ವೊಲಾರ್ ತಾನೇ ಬರೆದಿದ್ದಾನೆ. ಕೊನೆಗೂ ಕೈಯ ಮೇಲೆ ಎರಡು ಕಡೆ ಬಣ್ಣ ಬೀಳದ ಚುಕ್ಕೆಗಳು ಉಳಿದವು. ಅಲ್ಲಿ ಮನಸ್ಸಿಗೆ ಬಂದ ಬಣ್ಣ ಹಾಕಿದರೆ ಆ ಜಾಗದಿಂದ ಇಡೀ ಚಿತ್ರವನ್ನು ಮತ್ತೆ ಬರೆಯಬೇಕಾಗುತ್ತದೆ ಎಂಬುದು ಸೆಜಾನ್ ಕೊಟ್ಟ ಕಾರಣ. ಮೂಗಾಗಲಿ, ಗೋಡೆಯಾಗಲಿ, ಒಂದೊಂದು ಬಣ್ಣದ ಗುರುತೂ ಉಳಿದೆಲ್ಲ ಗುರುತುಗಳಿಗೆ ಉತ್ತರ ಹೇಳಬೇಕು ಎಂಬ ಈ ನಿಷ್ಠೆಯೇ ಮುಂದಿನ ತಲೆಮಾರಿನವರಿಗೆ ದಾರಿ ತೆರೆಯಿತು. ಆಫ್ರಿಕದ ಮುಖವಾಡಗಳು, ಓಶಿಯಾನಿಯದ ಮರದ ಪ್ರತಿಮೆಗಳು, ಸ್ಪೇನಿನ ಪ್ರಾಚೀನ ಐಬೀರಿಯನ್ ಶಿಲ್ಪಗಳು ಅವರ ಕಣ್ಣಿಗೆ ಬಿದ್ದದ್ದೂ ಇದೇ ಹೊತ್ತಿನಲ್ಲಿ.

ಭಾರತೀಯ ಓದುಗನಿಗೆ ಈ ಪ್ರಕಾರವನ್ನು ಅರಿಯಲು ತನ್ನದೇ ಪರಂಪರೆಯಲ್ಲಿ ಒಂದು ಸಲಕರಣೆ ಇದೆ. ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಇದರಲ್ಲಿ ಭಾವ ಮತ್ತು ಸಾದೃಶ್ಯ ಎರಡು ಬೇರೆ ಅಂಗಗಳು. ಹೋಲಿಕೆ ಸರಿಯಾಗಿ ಬಂದರೆ ಭಾವ ತಾನಾಗಿ ಬರುತ್ತದೆ ಎಂದು ಯಶೋಧರ ಹೇಳಲಿಲ್ಲ. ಆಧುನಿಕ ಚಿತ್ರಕಾರ ಮಾಡಿದ್ದು ಸಾದೃಶ್ಯದ ಹಿಡಿತವನ್ನು ಸಡಿಲಿಸಿ, ಭಾವದ ಹೊರೆಯನ್ನು ಪ್ರಮಾಣಕ್ಕೂ ವರ್ಣಿಕಾಭಂಗಕ್ಕೂ, ಅಂದರೆ ಅಳತೆಗೂ ಬಣ್ಣದ ಕೆಲಸಕ್ಕೂ, ವರ್ಗಾಯಿಸಿದ್ದು. ರಸಸಿದ್ಧಾಂತದ ಮಾತಿನಲ್ಲಿ, ಮುಖದ ಅನುಭಾವಗಳನ್ನು, ಅಂದರೆ ಭಾವದ ಹೊರಗುರುತುಗಳನ್ನು, ಕಡಿಮೆ ಮಾಡಿ ಸ್ಥಾಯಿಯನ್ನು, ಅಂದರೆ ನೆಲೆನಿಂತ ಭಾವವನ್ನು, ಬೇರೆ ದಾರಿಯಿಂದ ಮುಟ್ಟಿಸಲು ಹೊರಟದ್ದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳಲ್ಲಿ ಭಾವ ತಿಳಿಯುವುದು ಕಥೆಯಿಂದ, ಕಣ್ಣಿನ ಓರೆಯಿಂದ, ಕೈಯ ಭಂಗಿಯಿಂದ. ಆ ಚಿತ್ರಗಳಿಗೆ ಪಳಗಿದ ಕಣ್ಣು ಇಲ್ಲಿ ಬೇರೆ ಕಡೆ ನೋಡಬೇಕಾಗುತ್ತದೆ: ಅಂಚು ಎಲ್ಲಿ ಗಡುಸು, ಎಲ್ಲಿ ಕರಗಿದೆ, ಬಣ್ಣ ತೆಳುವೋ ದಪ್ಪವೋ, ಯಾವುದನ್ನು ತಿದ್ದಿ ತಿದ್ದಿ ಬರೆದಿದೆ, ಯಾವುದನ್ನು ಒಂದೇ ಎಳೆತಕ್ಕೆ ಬಿಟ್ಟಿದೆ. ಇವನ್ನು ನೋಡಿದ ಮೇಲೆ ‘ವಿಷಾದ’, ‘ಗಾಂಭೀರ್ಯ’ ಮುಂತಾದ ಮಾತುಗಳನ್ನು ಬಳಸಿದರೆ ಅವಕ್ಕೆ ಚಿತ್ರದಲ್ಲೇ ಆಧಾರ ಸಿಗುತ್ತದೆ. ಮೊದಲೇ ಬಳಸಿದರೆ ನೋಡುಗ ತನ್ನ ಮನಸ್ಸಿನಲ್ಲಿರುವುದನ್ನೇ ಚಿತ್ರದ ಮೇಲೆ ಹೊರಿಸಿದಂತಾಗುತ್ತದೆ.

ಮತೀಸ್: ಹಸಿರು ಪಟ್ಟಿಯ ಮುಖ

ಆರಿ ಮತೀಸ್ 1905ರಲ್ಲಿ ತನ್ನ ಹೆಂಡತಿ ಅಮೆಲಿಯನ್ನು ಬಿಡಿಸಿದ ‘ಹಸಿರು ಪಟ್ಟಿ’ ಈ ಪಾಠಕ್ಕೆ ಮೊದಲ ಪುಟ. ಕೋಪನ್‌ಹೇಗನ್‌ನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿರುವ ಈ ತೈಲಚಿತ್ರ ಗಾತ್ರದಲ್ಲಿ ಚಿಕ್ಕದು, 40.5 × 32.5 ಸೆಂ.ಮೀ. ಹಣೆಯಿಂದ ಮೂಗಿನ ಮೇಲೆ ಹಾದು ಗಲ್ಲದವರೆಗೆ ಒಂದು ಹಸಿರು ಪಟ್ಟಿ ಇಳಿದು ಮುಖವನ್ನು ಎರಡು ಭಾಗ ಮಾಡಿದೆ. ಒಂದು ಕೆನ್ನೆ ಹಳದಿಯ ಕಡೆಗೆ, ಇನ್ನೊಂದು ಗುಲಾಬಿಯ ಕಡೆಗೆ ವಾಲುತ್ತದೆ. ಗುಲಾಬಿ ಕೆನ್ನೆಯ ಹಿಂದಿನ ಹಿನ್ನೆಲೆ ಹಸಿರು. ಹಳದಿ ಕೆನ್ನೆಯ ಹಿಂದೆ ನೇರಿಳೆಯೂ ಕಿತ್ತಳೆಯೂ ಇವೆ. ಕೂದಲು ನೀಲಿಗಪ್ಪು.

ಶಾಸ್ತ್ರೀಯ ತೈಲಚಿತ್ರದಲ್ಲಿ ಮೂಗಿನ ಉಬ್ಬು ಕಾಣುವುದು ಬೆಳಕಿನಿಂದ ನೆಳಲಿಗೆ ಮೆಲ್ಲನೆ ಇಳಿಯುವ ಛಾಯೆಗಳಿಂದ. ಮತೀಸ್ ಆ ಇಳಿಜಾರನ್ನು ತೆಗೆದುಹಾಕಿ, ಬೆಳಕು ನೆಳಲು ಸೇರುವ ಗಡಿಯ ಮೇಲೆ ಒಂದೇ ಬಣ್ಣ ಇಟ್ಟಿದ್ದಾನೆ. ಅಚ್ಚರಿಯೆಂದರೆ ಮೂಗು ಉಬ್ಬಿಯೇ ಕಾಣುತ್ತದೆ. ತಣ್ಣನೆಯ ಹಸಿರು ಎರಡು ಬಿಸಿ ಬಣ್ಣಗಳ ನಡುವೆ ನಿಂತು ನೆಳಲಿನ ಕೆಲಸ ಮಾಡುತ್ತದೆ. ಇಷ್ಟು ತಂತ್ರ. ಭಾವದ ಮಾತಿಗೆ ಬಂದರೆ, ಅಮೆಲಿಯ ತುಟಿ ಮುಚ್ಚಿದೆ, ಹುಬ್ಬು ಕಮಾನಾಗಿದೆ, ನೋಟ ನೆಟ್ಟಗಿದೆ. ಮುಖಭಾವ ಎಂದು ಕರೆಯಬಹುದಾದದ್ದು ಏನೂ ಇಲ್ಲ. ಆದರೂ ಈ ಹೆಂಗಸು ಸುಲಭಕ್ಕೆ ಬಾಗುವವಳಲ್ಲ ಎಂಬ ಗಟ್ಟಿತನ ಚಿತ್ರದಿಂದ ಹೊಮ್ಮುತ್ತದೆ. ಅದು ಬರುವುದು ಪೂರಕ ಬಣ್ಣಗಳು ಒಂದನ್ನೊಂದು ಒತ್ತಿ ಹಿಡಿದಿರುವ ಬಿಗಿಯಿಂದ. ಕೆಂಪು ಹಸಿರನ್ನು ಚುರುಕು ಮಾಡುತ್ತದೆ, ನೇರಿಳೆ ಹಳದಿಯನ್ನು ಮುಂದಕ್ಕೆ ತಳ್ಳುತ್ತದೆ; ಯಾವ ಬಣ್ಣವೂ ಇನ್ನೊಂದಕ್ಕೆ ಸೋಲುವುದಿಲ್ಲ. ಅದೇ ವರ್ಷದ ‘ಟೋಪಿ ಧರಿಸಿದ ಮಹಿಳೆ’ಯೂ ಅಮೆಲಿಯದೇ ಚಿತ್ರ. 1905ರ ಶರತ್ಕಾಲದ ಸಲೋನ್ ಪ್ರದರ್ಶನದಲ್ಲಿ ಅದು ಗದ್ದಲ ಎಬ್ಬಿಸಿತು. ಮತೀಸ್ ಮತ್ತು ಗೆಳೆಯರನ್ನು ವಿಮರ್ಶಕ ಲೂಯಿ ವೋಸೆಲ್ ‘ಕಾಡುಮೃಗಗಳು’ ಎಂದು ಕರೆದದ್ದರಿಂದ ಫಾವಿಸಂ ಎಂಬ ಹೆಸರು ಹುಟ್ಟಿತು.

ಎಂಟು ವರ್ಷಗಳ ಬಳಿಕ, 1913ರಲ್ಲಿ, ಮತೀಸ್ ಅಮೆಲಿಯನ್ನು ಮತ್ತೊಮ್ಮೆ ಬರೆದ. ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್‌ನಲ್ಲಿರುವ ಆ ಚಿತ್ರಕ್ಕಾಗಿ ಆಕೆ ನೂರಕ್ಕೂ ಹೆಚ್ಚು ಸಲ ಕೂತಳೆಂದೂ, ಬರೆಯುತ್ತ ಹೋದಂತೆ ತನ್ನ ಹೋಲಿಕೆ ಅಳಿಸಿಹೋದದ್ದನ್ನು ಕಂಡು ಅತ್ತಳೆಂದೂ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಮುಖ ಬೂದು ಮುಖವಾಡವಾಗಿದೆ, ಕಣ್ಣುಗಳ ಜಾಗದಲ್ಲಿ ಕಪ್ಪು. ಎರಡು ಚಿತ್ರಗಳನ್ನೂ ಜೊತೆಯಲ್ಲಿಟ್ಟು ನೋಡಬೇಕು. ಕೂತವಳು ಒಬ್ಬಳೇ, ಎರಡರಲ್ಲೂ ತುಟಿ ಬಿಚ್ಚಿಲ್ಲ. ಆದರೂ ಒಂದು ಎದುರಿಗೆ ಬಂದು ನಿಲ್ಲುತ್ತದೆ, ಇನ್ನೊಂದು ದೂರ ಸರಿಯುತ್ತದೆ. ಈ ಅಂತರವನ್ನೆಲ್ಲ ದಂಪತಿಗಳ ಸಂಬಂಧದಿಂದ ವಿವರಿಸುವುದಕ್ಕಿಂತ ಬಣ್ಣದ ಆಯ್ಕೆಯಿಂದ ವಿವರಿಸುವುದು ಹೆಚ್ಚು ಪ್ರಾಮಾಣಿಕ.

ಪಿಕಾಸೊ: ಮೂರು ದಾರಿಗಳು

ಪಾಬ್ಲೊ ಪಿಕಾಸೊ ಈ ಪ್ರಕಾರಕ್ಕೆ ಒಂದಲ್ಲ ಮೂರು ದಾರಿ ಹಾಕಿದ. ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್‌ಳ ಚಿತ್ರವನ್ನು ಆತ 1905ರಲ್ಲಿ ಆರಂಭಿಸಿದ. ತೊಂಬತ್ತರಷ್ಟು ಸಲ ಕೂತೆನೆಂದು ಸ್ಟೈನ್ ಹೇಳಿಕೊಂಡಿದ್ದಾಳೆ. 1906ರ ವಸಂತದಲ್ಲಿ ಪಿಕಾಸೊ ತಲೆಯ ಭಾಗವನ್ನು ಅಳಿಸಿಹಾಕಿ ಸ್ಪೇನಿನ ಗೋಸೊಲ್ ಎಂಬ ಹಳ್ಳಿಗೆ ಹೋದ. ಹಿಂತಿರುಗಿದ ಮೇಲೆ ಆಕೆಯನ್ನು ಎದುರಿಗೆ ಕೂರಿಸಿಕೊಳ್ಳದೆಯೇ ಮುಖ ಬರೆದು ಮುಗಿಸಿದ. ಮುಂದೆ ಬಾಗಿದ ಮೈ, ಮೊಣಕಾಲ ಮೇಲಿನ ಕೈ, ಕಂದು ಉಡುಪು ಇವೆಲ್ಲ ಬಹುಮಟ್ಟಿಗೆ ಕಂಡದ್ದು ಕಂಡಂತೆ ಇವೆ. ಮುಖ ಮಾತ್ರ ಕಲ್ಲಿನಲ್ಲಿ ಕೊರೆದಂತೆ, ಎರಡು ಕಣ್ಣುಗಳು ಎರಡು ಅಳತೆಯಲ್ಲಿ. ಐಬೀರಿಯನ್ ಶಿಲ್ಪದ ಪ್ರಭಾವ ಇಲ್ಲಿ ಸ್ಪಷ್ಟ. ಎರಡು ಶೈಲಿಗಳ ನಡುವಿನ ಈ ಬಿರುಕೇ ಚಿತ್ರದ ಬಲ: ದೇಹ ಕೋಣೆಯಲ್ಲಿದೆ, ಮುಖ ಕಾಲದ ಆಚೆಗಿದೆ. ಸ್ಟೈನ್ 1946ರಲ್ಲಿ ತೀರಿಕೊಂಡಾಗ ಈ ಚಿತ್ರ ಆಕೆಯ ಉಯಿಲಿನಂತೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಸೇರಿತು.

1910ರ ‘ಡೇನಿಯಲ್-ಹೆನ್ರಿ ಕಾನ್‌ವೈಲರ್’ ಶಿಕಾಗೋ ಕಲಾಸಂಸ್ಥೆಯಲ್ಲಿದೆ. ವಸ್ತುವನ್ನು ತಲಗಳಾಗಿ ಒಡೆದು ಜೋಡಿಸುವ ಕ್ಯೂಬಿಸಂನ ವಿಶ್ಲೇಷಣಾತ್ಮಕ ಹಂತದ ವ್ಯಕ್ತಿಚಿತ್ರಗಳಲ್ಲಿ ಇದು ಶಿಖರ ಎನ್ನಬಹುದು. ಕಾನ್‌ವೈಲರ್ ಜರ್ಮನಿಯಲ್ಲಿ ಹುಟ್ಟಿ 1907ರಲ್ಲಿ ಪ್ಯಾರಿಸ್‌ನಲ್ಲಿ ಗ್ಯಾಲರಿ ತೆರೆದವನು; ಪಿಕಾಸೊ ಮತ್ತು ಅವನೊಡನೆ ಕ್ಯೂಬಿಸಂ ರೂಪಿಸಿದ ಬ್ರಾಕ್‌ರ ವ್ಯಾಪಾರಿ, ಅವರ ಕಲೆಯ ಬಗ್ಗೆ ಮೊದಲಿಗೆ ಗಂಭೀರವಾಗಿ ಬರೆದವರಲ್ಲಿ ಒಬ್ಬ. ಚಿತ್ರವನ್ನು ಮೊದಲ ಸಲ ನೋಡಿದವರಿಗೆ ಕಂದು, ಬೂದು, ಮಂಕು ನೀಲಿಯ ಪುಟ್ಟ ತಲಗಳ ಜಾಲವಷ್ಟೇ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತರೆ ಕೆಳಗೆ ಜೋಡಿಸಿಕೊಂಡ ಕೈಗಳು, ನಡುವೆ ಗಡಿಯಾರದ ಸರಪಳಿ, ಮೇಲೆ ಬಾಚಿದ ಕೂದಲಿನ ಅಲೆ ಒಂದೊಂದಾಗಿ ಹೊರಬರುತ್ತವೆ. ಇಷ್ಟು ಗುರುತುಗಳು ಸಾಕು, ಉಳಿದ ಮನುಷ್ಯನನ್ನು ನೋಡುಗನೇ ಜೋಡಿಸಿಕೊಳ್ಳುತ್ತಾನೆ.

ಇಲ್ಲಿನ ತಂತ್ರದ ಜೀವಾಳ ಅಂಚುಗಳಲ್ಲಿದೆ. ಪ್ರತಿಯೊಂದು ತಲಕ್ಕೂ ಒಂದು ಬದಿಯಲ್ಲಿ ಖಚಿತವಾದ ಗೆರೆ ಇದೆ, ಇನ್ನೊಂದು ಬದಿ ತೆರೆದುಕೊಂಡು ಪಕ್ಕದ ತಲದೊಳಗೆ ಹರಿದುಹೋಗುತ್ತದೆ. ಹಾಗಾಗಿ ಭುಜ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ದಟ್ಟ ಬಣ್ಣಗಳನ್ನು ಬೇಕೆಂದೇ ದೂರವಿಟ್ಟದ್ದರಿಂದ ಕಣ್ಣು ಯಾವುದೋ ಒಂದು ಕಡೆ ಸಿಕ್ಕಿಕೊಳ್ಳದೆ ನಿಧಾನವಾಗಿ ಸುತ್ತುತ್ತದೆ. ಈ ನಿಧಾನವೇ ಚಿತ್ರದ ಭಾವ. ಕೂತವನು ಯೋಚಿಸುವ, ತಾಳ್ಮೆಯ ಮನುಷ್ಯ ಎಂದು ನಮಗೆ ಅನ್ನಿಸಿದರೆ ಅದಕ್ಕೆ ಕಾರಣ ನೋಡುವ ಕ್ರಿಯೆಯಲ್ಲೇ ನಾವು ಯೋಚನೆಗೂ ತಾಳ್ಮೆಗೂ ಒಳಗಾಗಿರುವುದು. ಕ್ಯೂಬಿಸ್ಟ್ ಚಿತ್ರ ಬರಿ ಬುದ್ಧಿಯ ಆಟ, ಅದರಲ್ಲಿ ಭಾವವಿಲ್ಲ ಎಂಬ ಆರೋಪವನ್ನು ಒಪ್ಪಲು ಈ ಚಿತ್ರವನ್ನು ಚೆನ್ನಾಗಿ ನೋಡಿದವರಿಗೆ ಕಷ್ಟ.

ಮೂರನೆಯದು ‘ಅಳುವ ಹೆಂಗಸು’. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕ ಪಟ್ಟಣದ ಮೇಲೆ ಬಾಂಬ್ ದಾಳಿ ನಡೆಯಿತು. ಅದೇ ವರ್ಷದ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಪಿಕಾಸೊ ಕಪ್ಪು, ಬಿಳಿ, ಬೂದು ಬಣ್ಣಗಳಲ್ಲಿ ‘ಗೆರ್ನಿಕ’ ಬರೆದ. ಆ ಮೇಲೂ ಅಳುವ ಮುಖ ಅವನನ್ನು ಬಿಡಲಿಲ್ಲ. ಅಂಥ ಮುಖಗಳ ಸರಣಿಯ ಕೊನೆಯ ಕಡೆಯ, ಅಕ್ಟೋಬರ್ 26ರ ತಾರೀಖಿನ ಚಿತ್ರ ಈಗ ಲಂಡನ್‌ನ ಟೇಟ್‌ನಲ್ಲಿದೆ. ಮಾದರಿ ಛಾಯಾಗ್ರಾಹಕಿ ಡೋರಾ ಮಾರ್. ‘ಗೆರ್ನಿಕ’ ರೂಪುಗೊಂಡ ಬಗೆಯನ್ನು ಹಂತ ಹಂತವಾಗಿ ಕ್ಯಾಮೆರಾದಲ್ಲಿ ಹಿಡಿದವಳು.

ಮುಖ ಹಳದಿ ಹಸಿರು. ತಲೆಯ ಮೇಲೆ ನೀಲಿ ಹೂವಿನ ಕೆಂಪು ಟೋಪಿ, ಹಬ್ಬಕ್ಕೆ ಹೊರಟವರ ಉಡುಗೆ. ಬಾಯಿ, ಹಲ್ಲು, ಬೆರಳು, ಕರವಸ್ತ್ರ ಇವೆಲ್ಲ ಸೇರುವ ನಡುಜಾಗದಲ್ಲಿ ಮಾತ್ರ ಬಣ್ಣ ಬತ್ತಿ ಬಿಳಿಯೂ ತಣ್ಣನೆಯ ನೀಲಿಯೂ ಉಳಿದಿವೆ. ಒಡೆದ ಗಾಜಿನ ಚೂರುಗಳಂಥ ಮೊನಚು ಆಕಾರಗಳು ಅಲ್ಲಿ ಒಟ್ಟುಗೂಡಿವೆ. ಚಿತ್ರದ ಭೀಕರತೆ ಇರುವುದು ಈ ವಿರೋಧದಲ್ಲಿ. ದುಃಖಕ್ಕೆ ಮಂಕು ಬಣ್ಣ ಎಂಬ ರೂಢಿಯನ್ನು ಪಿಕಾಸೊ ತಿರುಗಿಸಿ, ಸುತ್ತ ಉಜ್ವಲ ಬಣ್ಣಗಳನ್ನಿಟ್ಟು ದುಃಖದ ನಟ್ಟನಡುವನ್ನು ಬಣ್ಣರಹಿತ ಮಾಡಿದ. ಕ್ಯೂಬಿಸಂ 1910ರಲ್ಲಿ ಧ್ಯಾನಕ್ಕೆ ಬಳಸಿದ ಒಡೆದ ತಲಗಳೇ ಇಲ್ಲಿ ಕಿರುಚುತ್ತವೆ. ಒಂದೇ ತಂತ್ರ ಎರಡು ವಿರುದ್ಧ ಭಾವಗಳಿಗೆ ಒದಗಿದ್ದರಿಂದ, ಇಂಥ ತಂತ್ರಕ್ಕೆ ಇಂಥ ಭಾವ ಎಂದು ಪಟ್ಟಿ ಮಾಡಿಡುವುದು ವ್ಯರ್ಥ. ತಂತ್ರದ ಜೊತೆಗೆ ಬಣ್ಣ ಯಾವುದು, ಅಂಚು ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನೂ ಕೇಳಬೇಕು. ಇಲ್ಲಿ ಅಂಚುಗಳೆಲ್ಲ ಕಪ್ಪು ಗೆರೆಯಿಂದ ಮುಚ್ಚಿವೆ. ಯಾವ ತಲಕ್ಕೂ ಹರಿದುಹೋಗುವ ದಾರಿಯಿಲ್ಲ.

ಪಿಕಾಸೊ ಬರೆದ ಈ ಮುಖಗಳಲ್ಲಿ ಯಾವುದೂ ತಾನಲ್ಲ ಎಂಬುದು ಡೋರಾ ಮಾರ್‌ಳ ನಿಲುವಾಗಿತ್ತು. ಚಿತ್ರದಲ್ಲಿ ಕಂಡ ಭಾವವನ್ನು ಮಾದರಿಯ ಸ್ವಭಾವವೆಂದು ತಿಳಿಯುವವರು ಆಕೆಯ ಈ ಮಾತನ್ನು ಗೌರವಿಸಬೇಕು. ಚಿತ್ರದ ದುಃಖ ಒಂದು ಯುದ್ಧದ್ದು. ಅದನ್ನು ಒಬ್ಬ ಹೆಂಗಸಿನ ಮನೋರೋಗವೆಂಬಂತೆ ಓದಿದ ವಿಮರ್ಶೆಗಳು ಆಕೆಗೂ ಚಿತ್ರಕ್ಕೂ ಅನ್ಯಾಯ ಮಾಡಿವೆ.

ಸರಳೀಕರಣದ ದಾರಿ

ಮುಖವನ್ನು ಒಡೆಯದೆ ಸರಳ ಮಾಡುತ್ತ ಹೋದವರೂ ಇದ್ದಾರೆ. ಅಮೆಡಿಯೊ ಮೊಡಿಲ್ಯಾನಿ (1884–1920) ಶಿಲ್ಪಿಯಾಗಲು ಯತ್ನಿಸಿದವನು. ಉದ್ದ ಕತ್ತು, ಪಾಪೆಯಿಲ್ಲದ ಬಾದಾಮಿ ಕಣ್ಣು ಅವನ ಕಲ್ಲಿನ ತಲೆಗಳಿಂದ ಕ್ಯಾನ್ವಾಸಿಗೆ ಬಂದವು. ಪಾಲ್ ಕ್ಲೇಯ ‘ಸೆನೆಸಿಯೊ’ (1922) ಒಂದು ವೃತ್ತ ಮತ್ತು ಕೆಲವು ಚೌಕಗಳಲ್ಲಿ ಮುಗಿಯುತ್ತದೆ. ರಷ್ಯಾ ಮೂಲದ ಅಲೆಕ್ಸೆಯ್ ಯಾವ್ಲೆನ್ಸ್ಕಿ ಎಲ್ಲರಿಗಿಂತ ಮುಂದೆ ಹೋದ. 1930ರ ದಶಕದಲ್ಲಿ ಸಂಧಿವಾತದಿಂದ ಕೈ ಬಿಗಿದುಹೋದಾಗ ಎರಡೂ ಕೈಗಳಿಂದ ಕುಂಚ ಹಿಡಿದು ‘ಧ್ಯಾನಗಳು’ ಎಂಬ ನೂರಾರು ಪುಟ್ಟ ಚಿತ್ರಗಳನ್ನು ಬರೆದ. ಮುಖವೆಂದರೆ ಮೂಗಿಗೆ ಒಂದು ಲಂಬ ಗೆರೆ, ಹುಬ್ಬು, ಕಣ್ಣು, ಬಾಯಿಗೆ ಕೆಲವು ಅಡ್ಡ ಗೆರೆ, ಒಟ್ಟಿನಲ್ಲಿ ಒಂದು ಶಿಲುಬೆಯ ಆಕಾರ. ಗೆರೆಗಳ ನಡುವೆ ಸಾಲುಸಾಲಾಗಿ ಕಾಣುವ ಕುಂಚದ ಎಳೆತಗಳಲ್ಲಿ ನೋವೂ ಪ್ರಾರ್ಥನೆಯೂ ಒಟ್ಟಿಗೆ ಇವೆ. ಇಲ್ಲಿ ಕಲಾವಿದನ ದೇಹಸ್ಥಿತಿಯನ್ನು ತಿಳಿದಿರುವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆ ಸ್ಥಿತಿ ಗೆರೆಯ ಉದ್ದವನ್ನೇ ನಿರ್ಧರಿಸಿದೆ.

ಅಳಿಸುವುದು, ಕೆರೆಯುವುದು, ಎರಚುವುದು

ಎರಡನೆಯ ಮಹಾಯುದ್ಧದ ಅನಂತರ ವ್ಯಕ್ತಿಚಿತ್ರದ ಭಾರ ಆಕಾರದಿಂದ ಬಣ್ಣದ ದ್ರವ್ಯಕ್ಕೆ ಸರಿಯಿತು. ಆಲ್ಬರ್ಟೊ ಜಾಕೊಮೆತ್ತಿ ತಮ್ಮ ದಿಯೇಗೊನನ್ನೂ ಹೆಂಡತಿ ಆನೆತ್‌ಳನ್ನೂ ವರ್ಷಗಟ್ಟಲೆ ಕೂರಿಸಿಕೊಂಡು ಬರೆದ. ಬೂದು ಹಿನ್ನೆಲೆಯಲ್ಲಿ ತೆಳುವಾದ ಕಪ್ಪು ಬಿಳಿ ಗೆರೆಗಳು ತಲೆಯ ಸುತ್ತ ಹೆಣೆದುಕೊಳ್ಳುತ್ತವೆ. ಮೈ ಅರ್ಧಕ್ಕೇ ನಿಂತಿರುತ್ತದೆ, ಕಣ್ಣು ಮಾತ್ರ ಉರಿಯುತ್ತದೆ. 1964ರಲ್ಲಿ ಅಮೆರಿಕದ ಲೇಖಕ ಜೇಮ್ಸ್ ಲಾರ್ಡ್ 18 ದಿನ ಕೂತು, ತಲೆ ಮತ್ತೆ ಮತ್ತೆ ಅಳಿದು ಮೂಡುವುದನ್ನು ದಾಖಲಿಸಿದ್ದಾನೆ. ಲಂಡನ್ನಿನ ಫ್ರಾಂಕ್ ಔವರ್‌ಬಾಕ್ ಒಂದು ದಿನದ ಕೆಲಸ ಸರಿಯಿಲ್ಲವೆಂದು ಕಂಡರೆ ಬಣ್ಣವನ್ನು ಕೆರೆದು ಮತ್ತೆ ಶುರುಮಾಡುತ್ತಿದ್ದ. ಅವನ ಆರಂಭದ ತಲೆಗಳಲ್ಲಿ ಬಣ್ಣ ಉಬ್ಬುಶಿಲ್ಪದಷ್ಟು ದಪ್ಪ. ಅಲ್ಲಿ ಮುಖಭಾವ ಹುಡುಕುವುದು ಸಲ್ಲದು; ಅದೇ ಮಾದರಿ ವಾರ ವಾರ ಬಂದು ಕೂತ ಕಾಲವೇ ದ್ರವ್ಯದಲ್ಲಿ ಗಟ್ಟಿಯಾಗಿದೆ. ಅಮೆರಿಕದಲ್ಲಿ ವಿಲ್ಲೆಮ್ ಡ ಕೂನಿಂಗ್ 1950–52ರಲ್ಲಿ ಬರೆದ ‘ಹೆಂಗಸು 1’ ನಿರ್ದಿಷ್ಟ ವ್ಯಕ್ತಿಯದಲ್ಲವಾದರೂ ಈ ಸಾಲಿನಲ್ಲೇ ಬರುತ್ತದೆ.

ಡಬ್ಲಿನ್‌ನಲ್ಲಿ ಹುಟ್ಟಿದ ಫ್ರಾನ್ಸಿಸ್ ಬೇಕನ್ (1909–1992) ತದ್ವಿರುದ್ಧ ದಾರಿಯವನು. ಮಾದರಿ ಎದುರಿಗೆ ಕೂರುವುದು ಅವನಿಗೆ ಬೇಡವಾಗಿತ್ತು. ಜಾನ್ ಡೀಕಿನ್ ತೆಗೆದ ಗೆಳೆಯರ ಫೋಟೊಗಳನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದ. ಕ್ಯಾನ್ವಾಸಿನ ಲೇಪವಿಲ್ಲದ ಹಿಂಬದಿಯ ಮೇಲೆ ಕೆಲಸ ಮಾಡುತ್ತಿದ್ದುದರಿಂದ ಬಣ್ಣ ಬಟ್ಟೆಯೊಳಗೆ ಇಂಗಿ ತಿದ್ದಲು ಬರುತ್ತಿರಲಿಲ್ಲ. ಬಟ್ಟೆಯಿಂದ ಒರೆಸಿ, ಬಣ್ಣ ಎರಚಿ, ಒಂದೇ ಎಳೆತದಲ್ಲಿ ದವಡೆಯನ್ನು ತಿರುಚುವ ಈ ಕ್ರಮದಲ್ಲಿ ಪ್ರತಿ ಹೆಜ್ಜೆಯೂ ಪಣ. ಸುಮಾರು 35 × 30 ಸೆಂ.ಮೀ. ಅಳತೆಯ ಮೂರು ಮೂರು ಫಲಕಗಳಲ್ಲಿ ಇಸಬೆಲ್ ರಾಸ್ತೋರ್ನ್, ಜಾರ್ಜ್ ಡಯರ್ ಮುಂತಾದವರ ತಲೆಗಳಿವೆ. ಮುಖ ಎಷ್ಟೇ ತಿರುಚಿದ್ದರೂ ಆ ವ್ಯಕ್ತಿ ಯಾರೆಂದು ಅವರನ್ನು ಬಲ್ಲವರಿಗೆ ತಿಳಿಯುತ್ತಿತ್ತು. ಸುತ್ತಲಿನ ಹಿನ್ನೆಲೆ ಸಪಾಟಾಗಿ, ನುಣುಪಾಗಿ ಇರುವುದರಿಂದ ಮುಖದ ಮೇಲೆ ನಡೆದ ಕೋಲಾಹಲ ಇನ್ನೂ ಏಕಾಂಗಿಯಾಗಿ ಕಾಣುತ್ತದೆ. ಬೇಕನ್‌ನ ಭಾವವನ್ನು ಕೇವಲ ಹಿಂಸೆ ಎಂದು ಕರೆಯುವವರು ಈ ಒಂಟಿತನವನ್ನು ಗಮನಿಸುವುದಿಲ್ಲ.

ಭಾರತದಲ್ಲಿ

ರವೀಂದ್ರನಾಥ ಠಾಕೂರರು ಅರವತ್ತು ದಾಟಿದ ಮೇಲೆ, ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಆಕಾರಗಳಾಗಿ ಬೆಳೆಸುತ್ತ ಚಿತ್ರಕಲೆಗೆ ಬಂದರು. 1930ರಲ್ಲಿ ಪ್ಯಾರಿಸ್‌ನ ಪಿಗಾಲ್ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ. ಉಳಿದಿರುವ ಎರಡು ಸಾವಿರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಹೆಣ್ಣಿನ ಮುಖ ಮತ್ತೆ ಮತ್ತೆ ಬರುತ್ತದೆ: ನೀಳ ಅಂಡಾಕಾರ, ಸೆರಗಿನ ಕತ್ತಲು, ನಮ್ಮನ್ನು ನೋಡಿಯೂ ನೋಡದ ಕಣ್ಣು. ಬಣ್ಣದ ಶಾಯಿಯನ್ನು ಪದರ ಪದರವಾಗಿ ಎಳೆದು, ಕಾಗದದ ಬಿಳುಪನ್ನು ಹಣೆಯ ಮೇಲೋ ಮೂಗಿನ ಮೇಲೋ ಚೂರೇ ಚೂರು ಉಳಿಸುವುದು ಅವರ ಕ್ರಮ. ಬೆಳಕು ಹೊರಗಿನಿಂದ ಬಿದ್ದದ್ದಲ್ಲ, ಕತ್ತಲು ಬಿಟ್ಟುಕೊಟ್ಟದ್ದು. ವಿಷಾದ ಅನ್ನಿಸುವುದು ಅದರಿಂದ. ಈ ಮುಖಗಳನ್ನು 1884ರಲ್ಲಿ ತೀರಿಕೊಂಡ ಅತ್ತಿಗೆ ಕಾದಂಬರಿ ದೇವಿಯೊಂದಿಗೆ ಜೋಡಿಸಿದವರಿದ್ದಾರೆ. ಕೆಂಪು ಬಣ್ಣ ಗ್ರಹಿಸುವುದರಲ್ಲಿ ಕವಿಗೆ ತೊಡಕಿತ್ತೆಂದು ವಾದಿಸಿದವರೂ ಇದ್ದಾರೆ. ರವೀಂದ್ರರು ಮಾತ್ರ ಚಿತ್ರಗಳಿಗೆ ಹೆಸರಿಡಲು ಒಪ್ಪಲಿಲ್ಲ. ಅವರ ಆಯ್ಕೆಯನ್ನು ಗಂಭೀರವಾಗಿ ತೆಗೆದುಕೊಂಡರೆ ಹೆಸರು ಹುಡುಕುವ ಆತುರ ತಾನಾಗಿ ತಗ್ಗುತ್ತದೆ.

ಗೋವಾದ ಸಾಲಿಗಾಂವ್‌ನಲ್ಲಿ ಹುಟ್ಟಿದ ಎಫ್.ಎನ್. ಸೂಜಾ (1924–2002) ಮುಂಬಯಿಯಲ್ಲಿ 1947ರ ಪ್ರಗತಿಶೀಲ ಕಲಾವಿದರ ಗುಂಪಿನ ಸ್ಥಾಪಕರಲ್ಲಿ ಮುಖ್ಯ. 1949ರಲ್ಲಿ ಲಂಡನ್ನಿಗೆ ಹೋದ. ಅವನ ತಲೆಗಳಲ್ಲಿ ಕಣ್ಣು ಹಣೆಗೆ ಏರಿರುತ್ತದೆ, ಹಲ್ಲು ಸಾಲುಗಟ್ಟಿರುತ್ತದೆ, ದಪ್ಪ ಕಪ್ಪು ಗೆರೆ ಎಲ್ಲವನ್ನೂ ಬಂಧಿಸಿರುತ್ತದೆ. 1955ರ ‘ಮಿಸ್ಟರ್ ಸೆಬಾಸ್ಟಿಯನ್’ನಲ್ಲಿ ಕೋಟು ತೊಟ್ಟ ಆಧುನಿಕ ಗಂಡಸಿಗೆ ಸಂತ ಸೆಬಾಸ್ಟಿಯನ್ನನ ಬಾಣಗಳು ನಾಟಿವೆ. ಕಣ್ಣು ಮೇಲೇರಿದಾಗ ಹಣೆ ಮಾಯವಾಗುತ್ತದೆ, ಚಿಂತನೆಗೆ ಜಾಗವಿಲ್ಲದಂತಾಗಿ ದವಡೆಯೇ ಮುಖವಾಗುತ್ತದೆ. ಪ್ರಮಾಣವೆಂಬ ಒಂದೇ ಅಂಗವನ್ನು ಕದಲಿಸಿ ಕ್ರೌರ್ಯವನ್ನು ಹೇಳಿದ ಕೌಶಲ ಇದು. ಅಕ್ಬರ್ ಪದಮ್‌ಸಿ (1928–2020) ಬರೆದ ಹೆಸರಿಲ್ಲದ ತಲೆಗಳಲ್ಲಿ ಇದರ ವಿರುದ್ಧ ಧ್ರುವ ಕಾಣುತ್ತದೆ: ಬೂದು, ಮೌನ, ಅಂಚಿನಲ್ಲಿ ಕರಗುವ ಮುಖ.

ಕರ್ನಾಟಕಕ್ಕೆ ಈ ಪರಂಪರೆಯ ನಂಟು ಇಬ್ಬರು ಕಲಾವಿದರಿಂದ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ವ್ಯಕ್ತಿಯನ್ನು ಒಂದೇ ಹರಿವಿನ ರೇಖೆಗೆ ಇಳಿಸಿ ತೋರಿಸಿದರು. ಅವರ ರೇಖಾಚಿತ್ರಗಳ ಸಂಕಲನದ ಹೆಸರೇ ‘ದಿ ಸಿಂಗಿಂಗ್ ಲೈನ್’. ಮುಖವಿಲ್ಲದ ನರ್ತಕಿಯ ಉಲ್ಲಾಸ ಆ ರೇಖೆಯ ದಪ್ಪ ತೆಳುವಿನ ಏರಿಳಿತದಿಂದಲೇ ಗೊತ್ತಾಗುತ್ತದೆ. ಕೇರಳದಲ್ಲಿ ಹುಟ್ಟಿ ಬೆಂಗಳೂರನ್ನು ಮನೆ ಮಾಡಿಕೊಂಡ ಯೂಸುಫ್ ಅರಕ್ಕಲ್ (1945–2016) ನಗರದ ಒಂಟಿ ಮನುಷ್ಯನನ್ನು ಮುಖದ ವಿವರ ಅಳಿಸಿ, ಕಂದು ಬೂದಿನ ಗೋಡೆಗಳ ಮುಂದೆ ಕೂರಿಸಿದರು. ಹೆಬ್ಬಾರರ ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ನೋಡಬಹುದು.

ಮೂಲ ಮತ್ತು ಮುದ್ರಣ

ಈ ಪ್ರಕಾರದ ಚಿತ್ರಗಳನ್ನು ಹೆಚ್ಚಿನವರು ನೋಡುವುದು ಪುಸ್ತಕದಲ್ಲಿ ಅಥವಾ ಪರದೆಯ ಮೇಲೆ. ಅಲ್ಲಿ ಬಣ್ಣ ಸುಮಾರಾಗಿ ಉಳಿಯುತ್ತದೆ, ಗಾತ್ರವೂ ದಪ್ಪವೂ ಕಳೆದುಹೋಗುತ್ತವೆ. ಅಂಗೈಯಷ್ಟು ಪುಟದಲ್ಲಿ ‘ಹಸಿರು ಪಟ್ಟಿ’ಯೂ ಅದರ ಎರಡೂವರೆ ಪಟ್ಟು ಎತ್ತರದ ಕಾನ್‌ವೈಲರ್ ಚಿತ್ರವೂ ಸಮಾನವಾಗುತ್ತವೆ, ಔವರ್‌ಬಾಕ್‌ನ ಬಣ್ಣ ಚಪ್ಪಟೆಯಾಗುತ್ತದೆ. ಬೇಕನ್ ತನ್ನ ಚಿತ್ರಗಳಿಗೆ ಗಾಜು ಹಾಕಿಯೇ ತೂಗುಹಾಕಬೇಕೆಂದು ಹಟ ಹಿಡಿಯುತ್ತಿದ್ದ. ನೋಡುಗನ ಸ್ವಂತ ಬಿಂಬ ಆ ಗಾಜಿನಲ್ಲಿ ಬಿದ್ದು ಚಿತ್ರದ ಜೊತೆ ಬೆರೆಯುವ ಅನುಭವ ಮುದ್ರಣಕ್ಕೆ ದಕ್ಕುವಂಥದ್ದಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ಸೂಜಾ 1966ರಲ್ಲಿ ಲಂಡನ್ನಿನ ಗ್ರೋವನರ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ ಕಪ್ಪು ಚಿತ್ರಗಳ ಸರಣಿ. ಕಪ್ಪಿನ ಮೇಲೆ ಕಪ್ಪು ತೈಲವರ್ಣವನ್ನೇ ದಪ್ಪಗೆ ಎಳೆದಿರುವ ಆ ತಲೆಗಳು ಎದುರು ನಿಂತರೆ ಬರಿ ಕಪ್ಪು ಹಲಗೆಗಳು. ಪಕ್ಕಕ್ಕೆ ಸರಿದು ಓರೆ ಬೆಳಕಿನಲ್ಲಿ ನೋಡಿದಾಗಲಷ್ಟೇ ಕುಂಚದ ಏರುಗಳ ಮೇಲೆ ಹೊಳಪು ಹರಿದು ಕಣ್ಣು, ಮೂಗು, ದವಡೆಗಳು ಕಾಣಿಸುತ್ತವೆ.